ಆಗುಂಬೆ ಕಾಡಿನ ತಿಳಿನೀರು, ನಮ್ಮ ಹಳ್ಳದ ರಾಡಿ

ನಾನು ರಾಯಚೂರು ಜಿಲ್ಲೆ ಕವಿತಾಳದ ಒಣಬೇಸಾಯದ ರೈತ. ಓದಿದ್ದು ಏಳನೇ ತರಗತಿ. ಎಂಟು ಎಕರೆ ಎರೆ ಹೊಲ. ಮುಂಗಾರಿಗೆ ತೊಗರಿ, ಹತ್ತಿ, ಹಿಂಗಾರಿಗೆ ಬಿಳಿಜೋಳ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಭಾಗಕ್ಕಿದ್ದರೂ ನನ್ನ ಹೊಲಕ್ಕೆ ಅದರ ನೀರಿಲ್ಲ. 2009ರ ಮಹಾಮಳೆಗೆ ನನ್ನ ಎರಡು ಎಕರೆಯ ಮೇಲ್ಮಣ್ಣು ಒಡ್ಡು ಒಡೆದು ಹಳ್ಳದ ಪಾಲಾಯಿತು. ಅಲ್ಲಿ ಇವತ್ತಿಗೂ ತೊಗರಿ ಮೊಳಕಾಲುದ್ದ ಮೇಲೇಳೋದಿಲ್ಲ.

2022ರ ಅಕ್ಟೋಬರದಾಗ ಜೋಳ ಬಿತ್ತಿ ಮುಗಿಸಿ, ಒಂಬತ್ತು ಮಂದಿ ಕ್ರೂಸರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟೆವು. ತೀರ್ಥಹಳ್ಳಿ ದಾಟಿ ಆಗುಂಬೆ ಹತ್ತಿರ ಬಂದಾಗ ಮಳೆ ಹಿಡಿಯಿತು. ರಸ್ತೆ ಬದಿಯ ಅಡಿಕೆ ತೋಟದ ಯಜಮಾನರು ಕರೆದು ಜಗುಲಿ ಮೇಲೆ ಕೂಡಿಸಿ ಕಷಾಯ ಕೊಟ್ಟರು. "ನಮ್ಮಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮಲ್ಲಿ?" ಎಂದು ಕೇಳಿದರು. "ಆರುನೂರರ ಆಸುಪಾಸು ರೀ, ಅದೂ ದೇವರು ಕೊಟ್ಟರ" ಅಂದೆ.

ಘಟ್ಟದ ಕೆಳಗೆ ಸೋಮೇಶ್ವರ ಅಭಯಾರಣ್ಯ. ಅದರೊಳಗೆ ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. ಹಾಗಾಗಿ ಯಜಮಾನರು ನಮ್ಮನ್ನು ತಮ್ಮ ಸೊಪ್ಪಿನಬೆಟ್ಟಕ್ಕೆ ಕರೆದೊಯ್ದರು. ಈ ಕಾಡು ಕಾಳಿಂಗ ಸರ್ಪಕ್ಕೂ ಸಿಂಗಳೀಕಕ್ಕೂ ಹೆಸರಾದದ್ದು. ನಮಗೆ ಎರಡೂ ಕಾಣಲಿಲ್ಲ. ಕಂಡದ್ದು ಇಂಬಳ! ಕಾಲಿಗೆ ಹತ್ತಿದ್ದನ್ನು ಚೀಲದ ಸುಣ್ಣ-ತಂಬಾಕು ಹಚ್ಚಿ ಬಿಡಿಸಿಕೊಂಡೆವು.

ನಾನು ಮರೆಯದ ನೋಟ ಬೇರೆ. ಮಳೆ ನಿಂತು ಅರ್ಧ ತಾಸಾದರೂ ಕಾಡಿನೊಳಗೆ ಹನಿ ಬೀಳುತ್ತಲೇ ಇತ್ತು. ಮಳೆ ಮೊದಲು ಮುಗಿಲೆತ್ತರದ ಮರಕ್ಕೆ, ಅಲ್ಲಿಂದ ನಡುವಿನ ಮರಕ್ಕೆ, ಅಲ್ಲಿಂದ ಗಿಡಗಂಟಿಗೆ, ಕಡೆಗೆ ಒಣಗಿದ ಎಲೆಯ ಹಾಸಿಗೆಗೆ ಇಳಿಯುತ್ತದೆ. ನೆಲಕ್ಕೆ ಪೆಟ್ಟೇ ಇಲ್ಲ. ಒಣಎಲೆಗೆ ಅವರು ದರಗು ಅನ್ನುತ್ತಾರೆ. ಅದರೊಳಗೆ ಕೈ ಹಾಕಿದೆ. ಮಣಿಕಟ್ಟಿನ ತನಕ ಹೋಯಿತು. ಕೆಳಗೆ ತಂಪು ಕರಿಮಣ್ಣು, ಬಿಳಿ ಎಳೆಯಂಥ ಬೂಷ್ಟು, ಎರೆಹುಳ.

ಒಂದೇ ಇಳಿಜಾರಿನಲ್ಲಿ ಯಜಮಾನರು ಎರಡು ಜಾಗ ತೋರಿಸಿದರು. "ಇಲ್ಲಿ ತೋಟಕ್ಕೆಂದು ದರಗು ಗುಡಿಸಿದ್ದೇವೆ, ಅಲ್ಲಿ ಬಿಟ್ಟಿದ್ದೇವೆ. ನೀರು ನೋಡಿ ಮಾರಾಯ್ರೇ" ಎಂದರು. ಗುಡಿಸಿದ ಕಡೆಯಿಂದ ಕೆಂಪು ನೀರು. ಬಿಟ್ಟ ಕಡೆಯಿಂದ ತಂಬಿಗೆಯಲ್ಲಿ ಹಿಡಿದರೆ ತಳ ಕಾಣುವ ನೀರು. ಆ ನೀರು ಮಾಲತಿ ಹೊಳೆ ಸೇರಿ, ತುಂಗೆ ಸೇರಿ, ಹೊಸಪೇಟೆ ಡ್ಯಾಮಿಗೆ ಬಂದು, ನಮ್ಮ ಭಾಗದ ಕಾಲುವೆಗೆ ಹರಿಯುತ್ತದೆ. 1953ರಲ್ಲಿ ಮುಗಿದ ಆ ಡ್ಯಾಂ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಆ ಹೂಳು ಮೇಲಿನವರ ಹೊಲದ್ದು, ಗುಡ್ಡದ್ದು. ನಮ್ಮದೋ, ಹಳ್ಳ ಹಿಡಿದು ಕೆಳಗೆ ಹೋಗುತ್ತದೆ. ಹತ್ತು ಪಟ್ಟು ಮಳೆ ಬೀಳುವಲ್ಲಿ ತಿಳಿನೀರು, ನಮ್ಮಲ್ಲಿ ರಾಡಿ! ನನ್ನ ಹೊಲದ ಮೈಮೇಲೆ ಬಟ್ಟೆಯೇ ಇಲ್ಲವಲ್ಲ ಅನ್ನಿಸಿತು.

ಊರಿಗೆ ಬಂದು ಮುಂದಿನ ಬ್ಯಾಸಿಗೆಯಿಂದ ಹೊಲಕ್ಕೆ ಬೆಂಕಿ ಹಾಕುವುದು ಬಿಟ್ಟೆ. ಕೆಟ್ಟ ಎರಡು ಎಕರೆಗೆ ತೊಗರಿ ಹೊಟ್ಟು, ಕಡಿದ ತೊಗರಿ ಕಟ್ಟಿಗೆ ಹರಡಿದೆ. ಜೋಳದ ಕೂಳೆ ಕೀಳಲಿಲ್ಲ. ಮನೆಯಾಕೆ ಸಿಟ್ಟಾದಳು: "ಕಾಡು ನೋಡಿ ಬಂದು ನನ್ನ ಒಲಿಗಿ ನೀರು ಹಾಕ್ತೀರೇನ್ರಿ?" ಅವಳ ಮಾತೂ ಖರೆ. ತೊಗರಿ ಕಟ್ಟಿಗೆಯೇ ನಮ್ಮ ಉರುವಲು. ದಪ್ಪನವು ಒಲೆಗೆ, ಸಣ್ಣವು ಹೊಲಕ್ಕೆ ಎಂದು ರಾಜಿ ಆಯಿತು.

ತೊಂದರೆಯೂ ಉಂಟು. ಕೂರಿಗೆಗೆ ಕಡ್ಡಿ ಸಿಕ್ಕುತ್ತವೆ, ಸಣ್ಣಗೆ ಕಡಿಯಲೇಬೇಕು. ಗೆದ್ದಲು ಬರುತ್ತದೆ. ಹತ್ತಿ ಕಟ್ಟಿಗೆಯನ್ನು ಮಾತ್ರ ಹೊಲದಲ್ಲಿ ಬಿಡಬೇಡಿ. ಅದರ ಉಳಿದ ಕಾಯಿಯೊಳಗೆ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ಕಾದಿರುತ್ತದೆ.

ಇಳುವರಿ ಏರಿತೆಂದು ನಾನು ಹೇಳುವುದಿಲ್ಲ. ಆದರೆ 2024ರ ಮುಂಗಾರಿನ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲಕ್ಕೆ ಹೋಗಿ, ಎರಡೂ ಕಡೆಯ ನೀರನ್ನು ತಂಬಿಗೆಯಲ್ಲಿ ಹಿಡಿದೆ. ಬರಿ ಹೊಲದ ನೀರು ಅಂಬಲಿಯಂತೆ. ಹೊಟ್ಟು ಹಾಸಿದ ಹೊಲದ ನೀರು ತೆಳು ಚಹಾದಂತೆ. ಆಗುಂಬೆಯ ತಿಳಿ ಬಂದಿಲ್ಲ. ಆದರೆ ಮಳೆ ತಡೆದ ದಿನಗಳಲ್ಲಿ ಅಲ್ಲಿಯ ತೊಗರಿ ಮೂರು-ನಾಲ್ಕು ದಿನ ತಡವಾಗಿ ಬಾಡಿತು. ಒಣಬೇಸಾಯದಲ್ಲಿ ಆ ನಾಲ್ಕು ದಿನದ ಬೆಲೆ ನಿಮಗೆ ಗೊತ್ತೇ ಇದೆ.

ನೀವೂ ದೇವರಿಗೆಂದು ಆ ಕಡೆ ಹೋದರೆ ಘಟ್ಟದ ರಸ್ತೆ ಬದಿ ಒಂದು ತಾಸು ನಿಲ್ಲಿರಿ. ಮಂಗಗಳಿಗೆ ತಿನಿಸು ಎಸೆಯಬೇಡಿರಿ, ಪ್ಲಾಸ್ಟಿಕ್ ಬಿಡಬೇಡಿರಿ. ಹುಲಿ-ಹಾವು ಕಾಣದಿದ್ದರೂ ಬೇಸರ ಬೇಡ. ಕಾಡಿನಿಂದ ಹರಿದು ಬರುವ ನೀರಿನ ಬಣ್ಣ ನೋಡಿರಿ. ಊರಿಗೆ ಬಂದು ನಿಮ್ಮ ಹೊಲದ ನೀರನ್ನೂ ಒಂದು ತಂಬಿಗೆ ಹಿಡಿದು ನೋಡಿರಿ.