ಗಡಿ ಆಚೆಗೇ ಮಾಸ್ತಿ ಊರು. ಓದಲೇಬೇಕಾದ ಪಟ್ಟಿಗೆ ಮನೆಯಲ್ಲಿ ಓದುವವರಾರು?

ಹೊಸೂರು: ಹೊಸ ವರ್ಷ ಬಂತೆಂದರೆ ಸಾಕು, ‘ಓದಲೇಬೇಕಾದ 100 ಪುಸ್ತಕಗಳು’, ‘ವರ್ಷಕ್ಕೆ 50 ಪುಸ್ತಕದ ಸವಾಲು’ ಎಂಬ ಲಿಸ್ಟುಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತವೆ. ಹೊಸೂರು, ಬಾಗಲೂರು, ತಳಿ ಭಾಗದ ಕನ್ನಡ ಮನೆಗಳಿಗೂ ಅವು ತಪ್ಪದೆ ತಲುಪುತ್ತವೆ. ಕನ್ನಡದ ಲಿಸ್ಟಾದರೆ ಮೊದಲ ಸಾಲಲ್ಲೇ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ. ಅಂದರೆ 1967ರಿಂದ 2010ರವರೆಗಿನ ಎಂಟು ಜ್ಞಾನಪೀಠಗಳ ಸಾಲು.

ಪಟ್ಟಿಯೇನೋ ಸರಿ. ಆದರೆ ಅದನ್ನು ಹಿಡಿದು ಕೂರುವವರು ಯಾರು?

ಗಡಿನಾಡಿನ ಕಷ್ಟ ಇರುವುದೇ ಇಲ್ಲಿ. ಅಜ್ಜ ಕನ್ನಡ ಶಾಲೆಯಲ್ಲಿ ಕಲಿತವರು, ಪೇಪರು ಬಂದರೆ ಒಂದಕ್ಷರ ಬಿಡದೆ ಓದುತ್ತಾರೆ. ಅಮ್ಮನಿಗೆ ಅಕ್ಷರ ಗೊತ್ತು, ಓದುವ ರೂಢಿ ತಪ್ಪಿದೆ. ಮಗಳು ಮನೆಯಲ್ಲಿ ಅಚ್ಚ ಕನ್ನಡ ಮಾತಾಡುತ್ತಾಳೆ, ಆದರೆ ಶಾಲೆಯಲ್ಲಿ ತಮಿಳು ಇಲ್ಲವೇ ಇಂಗ್ಲಿಷು. ಕನ್ನಡ ಪುಸ್ತಕ ಕೈಗಿಟ್ಟರೆ ಚಿತ್ರ ನೋಡಿ ಕೆಳಗಿಡುತ್ತಾಳೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ 2006–07ರಲ್ಲಿ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ವರ್ಷಕ್ಕೊಂದು ತರಗತಿ ಮೇಲೇರಿ 2015–16ರ ಹೊತ್ತಿಗೆ ಅದು ಹತ್ತನೇ ತರಗತಿ ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಬೇಕೆಂಬ ವಿಚಾರ ಕೋರ್ಟಿನ ಮೆಟ್ಟಿಲೇರಿದ್ದೂ ಆಯಿತು. ತಮಿಳು ಕಲಿತದ್ದರಿಂದ ನಷ್ಟವೇನಿಲ್ಲ, ನಾಳೆ ಕೆಲಸಕ್ಕೆ ಅದೇ ಬೇಕು. ಜೊತೆಗೆ ಕನ್ನಡ ಅಕ್ಷರ ಕಲಿಸುವ ಹೊಣೆ ಮಾತ್ರ ಶಾಲೆಯಿಂದ ಮನೆಯ ಜಗಲಿಗೆ ಬಂದು ಬಿತ್ತು.

ತಮಿಳಿನಲ್ಲಿ ಓದು ಕಲಿತ ಮಗು ಕನ್ನಡದಲ್ಲಿ ಎಡವುವುದು ಎಲ್ಲಿ ಎಂಬುದನ್ನು ದೊಡ್ಡವರು ಗಮನಿಸಬೇಕು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಕ, ಖ, ಗ, ಘ ನಾಲ್ಕೂ ಬೇರೆ ಬೇರೆ. ಮೇಲಾಗಿ ಒತ್ತಕ್ಷರ! ತಮಿಳಿನಲ್ಲಿ ತಲೆ ಮೇಲೊಂದು ಚುಕ್ಕಿ ಇಟ್ಟು ಮುಂದೆ ಹೋದರಾಯಿತು, ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ತೂಗುತ್ತದೆ. ಮಗು ದಡ್ಡ ಅಂತ ಬೈದರೆ ಪುಸ್ತಕ ಅಲ್ಲಿಗೇ ಮುಚ್ಚಿತು. ತೆಲುಗು ಓದಲು ಬರುವ ನೆರೆಮನೆಯವರಿಗೆ ಈ ತೊಂದರೆ ಕಡಿಮೆ, ಎರಡೂ ಲಿಪಿ ಅಕ್ಕತಂಗಿಯರಂತಿವೆ. ಹೊಸೂರಿನಲ್ಲಿ ತೆಲುಗರಿಗೇನು ಬರವೇ? ಅವರನ್ನೂ ಓದಿಗೆ ಸೇರಿಸಿಕೊಳ್ಳಬಹುದು.

ಇಂಥ ಮನೆಗೆ ‘ಶ್ರೀರಾಮಾಯಣ ದರ್ಶನಂ’ ಮೊದಲ ಪುಸ್ತಕವಾಗಿ ಬಂದರೆ ಏನಾದೀತು? 22 ಸಾವಿರಕ್ಕೂ ಹೆಚ್ಚು ಸಾಲಿನ ಮಹಾಕಾವ್ಯ ಅದು. ಕಪಾಟು ಸೇರುತ್ತದೆ, ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಪಟ್ಟಿ ಮಾಡುವವರ ಪಾಡು ಎಲ್ಲ ಕಡೆಯೂ ಹೀಗೇ. 1998ರಲ್ಲಿ ಅಮೆರಿಕದ ಮಾಡರ್ನ್ ಲೈಬ್ರರಿ 20ನೇ ಶತಮಾನದ 100 ಇಂಗ್ಲಿಷ್ ಕಾದಂಬರಿಗಳ ಪಟ್ಟಿ ಹೊರಡಿಸಿ, ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ಗೆ ಮೊದಲ ಸ್ಥಾನ ಕೊಟ್ಟಿತು. ಇಂಗ್ಲಿಷಿನವರೇ ಅರ್ಧಕ್ಕೆ ಬಿಡುವ ಪುಸ್ತಕವದು! 2003ರಲ್ಲಿ ಬಿಬಿಸಿ ಓದುಗರ ವೋಟು ಕೇಳಿದಾಗ ಗೆದ್ದದ್ದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಪಂಡಿತರ ಪಟ್ಟಿಯೇ ಬೇರೆ, ಜನರ ಪಟ್ಟಿಯೇ ಬೇರೆ.

ಹಾಗಾದರೆ ಇಲ್ಲಿನವರು ಎಲ್ಲಿಂದ ಶುರು ಮಾಡಬೇಕು? ಉತ್ತರ ಕೂಗಳತೆಯಲ್ಲೇ ಇದೆ. ಬೇರಿಕೆ ಕಡೆಯಿಂದ ಗಡಿ ದಾಟಿದರೆ ಸಿಗುವುದು ಕೋಲಾರ ಜಿಲ್ಲೆಯ ಮಾಲೂರು ತಾಲೂಕು. ಮಾಸ್ತಿ ಇರುವುದು ಅಲ್ಲೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅದೇ ತಾಲೂಕಿನಲ್ಲಿ 1891ರಲ್ಲಿ ಹುಟ್ಟಿದವರು. ಅವರ ಮನೆಮಾತು ತಮಿಳು. ಬರೆದದ್ದು ಕನ್ನಡ. 1983ರ ಜ್ಞಾನಪೀಠ ಪಡೆದದ್ದೂ ಕನ್ನಡಕ್ಕೇ. ಧಾರವಾಡದ ಬೇಂದ್ರೆ ಅವರ ಮನೆಮಾತು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. ಎಂಟರಲ್ಲಿ ಮೂವರ ಮನೆಮಾತು ಕನ್ನಡವಲ್ಲ. ಮನೆಯಲ್ಲೊಂದು, ಹೊರಗೊಂದು ಭಾಷೆ ಎಂದು ಮುಖ ಸಪ್ಪಗೆ ಮಾಡಿಕೊಳ್ಳುವ ಹೊಸೂರು ಹುಡುಗರಿಗೆ ಇದನ್ನು ಹೇಳಲೇಬೇಕು.

ಮಾಸ್ತಿಯವರದೇ ‘ಸುಬ್ಬಣ್ಣ’ ತೆಳ್ಳನೆಯ ಪುಸ್ತಕ, ಒಬ್ಬ ಸಂಗೀತಗಾರನ ಕತೆ, 1928ರದು. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಮುಗಿದರೆ ಕಾರಂತರ ‘ಚೋಮನ ದುಡಿ’. ಹದಿಹರೆಯದವರಿಗೆ ತೇಜಸ್ವಿಯವರ ‘ಕರ್ವಾಲೊ’ ಆದೀತು, ಹಾರುವ ಓತಿಯನ್ನು ಹುಡುಕಿ ಕಾಡು ಅಲೆಯುವ ಕತೆ ಯಾರಿಗೆ ಬೇಡ? ದೇವನೂರ ಮಹಾದೇವರ ‘ಕುಸುಮಬಾಲೆ’ ದೊಡ್ಡ ಪುಸ್ತಕವೇನಲ್ಲ, ಆದರೆ ನಂಜನಗೂಡು ಸೀಮೆಯ ಆಡುಮಾತು, ಬೆಂಗಳೂರಿನವರೇ ತಿಣುಕುತ್ತಾರೆ. ಎರಡನೇ ವರ್ಷಕ್ಕಿಡುವುದು ಲೇಸು.

ಲೆಕ್ಕವೂ ಹೆದರುವಂಥದ್ದಲ್ಲ. ದಿನಕ್ಕೆ ಹತ್ತು ಪುಟವೆಂದರೆ ವರ್ಷಕ್ಕೆ 3,650 ಪುಟ. 200 ಪುಟದ ಪುಸ್ತಕ ಹದಿನೆಂಟು ಮುಗಿಯುತ್ತವೆ. ಹಬ್ಬ, ಮದುವೆ, ಪರೀಕ್ಷೆ ಎಂದು ಅರ್ಧ ಕಳೆದರೂ ಒಂಬತ್ತು. ಹೊಸದಾಗಿ ಅಕ್ಷರ ಕೂಡಿಸುವ ಮಗುವಿಗೆ ದಿನಕ್ಕೆ ಒಂದೇ ಪುಟ ಸಾಕು, ಉಳಿದ ಒಂಬತ್ತನ್ನು ಅಜ್ಜ ಓದಲಿ. ಕಣ್ಣು ಮಂಜಾದ ಅಜ್ಜ ಇದ್ದರೆ ಅಮ್ಮ.

ಪುಸ್ತಕ ಎಲ್ಲಿ ಅಂತೀರಾ? ಹೊಸೂರಿನಿಂದ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರು ಎಷ್ಟೊಂದು ಮಂದಿ! ಅವರಲ್ಲೊಬ್ಬರು ತಿಂಗಳಿಗೊಂದು ತಂದರೂ ಆಯಿತು. ಕರ್ನಾಟಕ ಸರ್ಕಾರ 1993ರಲ್ಲಿ ಸ್ಥಾಪಿಸಿದ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಇನ್ನು ಕನ್ನಡ ಅಕ್ಷರ ಬರಲೇ ಇಲ್ಲ, ತಮಿಳು ಮಾತ್ರ ಬರುತ್ತದೆ ಎನ್ನುವ ಕಾಲೇಜು ಹುಡುಗರನ್ನು ಬಿಟ್ಟುಬಿಡಬೇಕೇ? ಬೇಕಿಲ್ಲ. ಹೊಸೂರು ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ತಮಿಳಿನಲ್ಲಿ ಬರೆದ ಮಹಾಭಾರತ ಇಲ್ಲಿ ಗೊತ್ತಿಲ್ಲದವರಿಲ್ಲ. ಅದನ್ನು ಓದಿದವರು ಭೈರಪ್ಪನವರ ‘ಪರ್ವ’ಕ್ಕೆ ಕೈ ಹಾಕಬಹುದು. ಅದನ್ನು ಪಾವಣ್ಣನ್ ತಮಿಳಿಗೆ ತಂದಿದ್ದಾರೆ, ಆ ಅನುವಾದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ. ಅಮ್ಮ ಕನ್ನಡದ್ದನ್ನು, ಮಗ ತಮಿಳಿನದ್ದನ್ನು ಹಿಡಿದು ಒಂದೇ ತಿಂಗಳಲ್ಲಿ ಓದಿದರೆ, ಕುಂತಿ ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲೇ ನಡೆಯುತ್ತದೆ.