ತಪ್ಪು ಅಕ್ಷರ ಹಾಗೇ ಇರುತ್ತದೆ

ಕ್ರಿಸ್ಪರ್ ಎಂದರೆ ಕೆಟ್ಟ ಜೀನನ್ನು ಕತ್ತರಿಸಿ ತೆಗೆದು ಒಳ್ಳೆಯದನ್ನು ಅಂಟಿಸುವ ಉಪಕರಣ ಎಂದು ಬಹಳ ಜನ ನಂಬಿದ್ದಾರೆ. ಆದರೆ ಕ್ರಿಸ್ಪರ್‌ನಿಂದ ತಯಾರಾಗಿ ಮೊಟ್ಟಮೊದಲು ಪರವಾನಗಿ ಪಡೆದ ಚಿಕಿತ್ಸೆಯೇ ಹಾಗೆ ಕೆಲಸ ಮಾಡುವುದಿಲ್ಲ.

ಅದರ ಹೆಸರು ಕ್ಯಾಸ್‌ಜೆವಿ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಸಿಕಲ್ ಸೆಲ್ ರೋಗಕ್ಕೆ ಅದನ್ನು ಒಪ್ಪಿದವು. ಹಿಮೋಗ್ಲೋಬಿನ್ ಜೀನಿನ ಒಂದೇ ಅಕ್ಷರ ತಪ್ಪಿ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಪ್ರಾಣ ಹಿಂಡುವ ನೋವು ಕೊಡುವ ಕಾಯಿಲೆಯಿದು. ಮೈಸೂರು, ಚಾಮರಾಜನಗರ ಭಾಗದ ಆದಿವಾಸಿ ಹಾಡಿಗಳಲ್ಲೂ ಇದೆ.

ಕ್ಯಾಸ್‌ಜೆವಿ ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದರ ತಯಾರಿಕೆಯನ್ನು ಅದುಮುತ್ತದೆ. ಕ್ರಿಸ್ಪರ್ ಕತ್ತರಿಸುವುದು ರಕ್ತ ಹುಟ್ಟಿಸುವ ಕೋಶಗಳಲ್ಲಿ ಈ ಜೀನನ್ನು ಚುರುಕಾಗಿಡುವ ಪುಟ್ಟ ಭಾಗವನ್ನು. ಅಲ್ಲಿಗೆ ತಡೆ ಸಡಿಲವಾಗಿ ಗರ್ಭಕಾಲದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ, ಕಣಗಳು ಬಾಗುವುದು ತಗ್ಗುತ್ತದೆ. ಇದರ ಹಿಂದಿನ ಸುಳಿವು ಹಳೆಯದು. ಈ ರೋಗವಿದ್ದ ಎಳೆಗೂಸುಗಳು ಮೊದಲ ತಿಂಗಳುಗಳಲ್ಲಿ ನೆಮ್ಮದಿಯಾಗಿರಲು ಆ ಹಿಮೋಗ್ಲೋಬಿನ್ನೇ ಕಾರಣವಿರಬೇಕೆಂದು ನ್ಯೂಯಾರ್ಕ್‌ನ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಊಹಿಸಿದ್ದರು. ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ಗಮನಿಸಿದ ಆ ಕಣ್ಣಿಗೂ ಈ ಚಿಕಿತ್ಸೆಯ ಶ್ರೇಯಸ್ಸಿನಲ್ಲಿ ಪಾಲು ಸಲ್ಲಬೇಕು.

ಒಂದು ಇಂಜೆಕ್ಷನ್ ಕೊಟ್ಟರೆ ಮುಗಿಯಿತು ಎಂಬುದೂ ನಿಜವಲ್ಲ. ರೋಗಿಯ ಕಾಂಡಕೋಶಗಳನ್ನು ಹೊರತೆಗೆದು ತಿದ್ದಬೇಕು, ಕೀಮೋಥೆರಪಿಯಿಂದ ಮೂಳೆಮಜ್ಜೆಯನ್ನು ಬರಿದು ಮಾಡಬೇಕು, ಆಮೇಲೆ ತಿದ್ದಿದ ಕೋಶಗಳನ್ನು ಒಳಗೆ ಸೇರಿಸಬೇಕು. ವಾರಗಟ್ಟಲೆ ಆಸ್ಪತ್ರೆವಾಸ. ಅಮೆರಿಕದಲ್ಲಿ ಇದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿನ ಪಾಲಿಗೆ ಸದ್ಯಕ್ಕೆ ಇದು ಇದ್ದೂ ಇಲ್ಲದ ಔಷಧ.

ತಿದ್ದುಪಡಿ ಮಕ್ಕಳಿಗೂ ಹೋಗುತ್ತದೆಯೇ? ಇಲ್ಲ. ಬದಲಾಗುವುದು ರಕ್ತದ ಕೋಶಗಳು ಮಾತ್ರ, ಅಂಡಾಣು ವೀರ್ಯಾಣುಗಳು ಮೊದಲಿನಂತೆಯೇ ಇರುತ್ತವೆ. ಈ ಬಗ್ಗೆ ಭಯ ಹುಟ್ಟಿಸಿದ್ದು 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ ಜೈಲಿಗೆ ಹೋದ ಪ್ರಕರಣ. ಅದು ಬೇರೆಯದೇ ಕೆಲಸ. ಇಲ್ಲಿ ಗುಣ ಕಂಡವರೂ ತಪ್ಪು ಅಕ್ಷರವನ್ನು ಮಕ್ಕಳಿಗೆ ದಾಟಿಸಬಲ್ಲರು, ಹಾಗಾಗಿ ಮದುವೆಗೆ ಮುಂಚೆ ರಕ್ತಪರೀಕ್ಷೆ ಅವರಿಗೂ ಬೇಕು.

ಹಾಗಾದರೆ ಅಕ್ಷರವನ್ನೇ ತಿದ್ದಲು ಬರುವುದಿಲ್ಲವೇ? ಕೆಲವು ರೋಗಗಳಲ್ಲಿ ಬರುತ್ತದೆ. ಬೇಸ್ ಎಡಿಟಿಂಗ್ ಎಂಬ ಹೊಸ ವಿಧಾನ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸದೆ ಒಂದು ಅಕ್ಷರವನ್ನು ಬದಲಿಸುತ್ತದೆ. ಯಕೃತ್ತಿನ ಅಪರೂಪದ ದೋಷವಿದ್ದ ಒಂದು ಕೂಸಿಗೆಂದೇ ಸುಮಾರು ಆರು ತಿಂಗಳಲ್ಲಿ ಇಂಥ ಔಷಧ ತಯಾರಿಸಿ, 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕೊಡಲಾಯಿತು. ಅದಕ್ಕೆ ಕೀಮೋಥೆರಪಿ ಬೇಕಾಗಲಿಲ್ಲ, ಏಕೆಂದರೆ ರಕ್ತಕ್ಕೆ ಸೇರಿಸಿದ, ಔಷಧ ಹೊತ್ತ ಕೊಬ್ಬಿನ ಸೂಕ್ಷ್ಮ ಕಣಗಳು ತಾವಾಗಿಯೇ ಯಕೃತ್ತಿಗೆ ಹೋಗಿ ಸೇರುತ್ತವೆ. ಮೂಳೆಮಜ್ಜೆಗೂ ಹೀಗೆ ನೇರವಾಗಿ ತಲುಪಿಸುವ ದಾರಿಯನ್ನು ಪ್ರಯೋಗಾಲಯಗಳು ಈಗ ಹುಡುಕುತ್ತಿವೆ.