ಹದಿಮೂರು ಅಂಕಿಯ ಹಿಂದೆ ಇಷ್ಟೆಲ್ಲ ಇದೆಯೇ!

ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಹಿಂಬದಿ ನೋಡಿ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕೊಂಡದ್ದಾಗಲಿ, ಚನ್ನರಾಯಪಟ್ಟಣದ ಬಸ್‌ ನಿಲ್ದಾಣದಲ್ಲಿ ಕೊಂಡದ್ದಾಗಲಿ, ಕಪ್ಪು ಗೆರೆಗಳ ಕೆಳಗೆ 13 ಅಂಕಿ ಇರುತ್ತದೆ. ನಮ್ಮಲ್ಲಿ ಹೆಚ್ಚಿನವು 890ರಿಂದ ಶುರು. ಇಲ್ಲೇ ತಯಾರಾಯಿತು ಎಂಬುದಕ್ಕೆ ಅದು ಸಾಕ್ಷಿಯೇನಲ್ಲ, ಆ ಸಂಖ್ಯೆಯನ್ನು ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಜಿಎಸ್‌1 ಇಂಡಿಯಾ ಸಂಸ್ಥೆ ಕೊಟ್ಟಿದೆ ಎಂದಷ್ಟೇ ಅರ್ಥ. ಇನ್ನು ಕೊನೆಯ ಅಂಕಿಯ ಚಮತ್ಕಾರ ಕೇಳಿ! ಮೊದಲ 12 ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಹದಿಮೂರನೆಯದು. 890123456789 ಎಂದು ಸುಮ್ಮನೆ ಬರೆದು ಲೆಕ್ಕ ಹಾಕಿ, ಮೊತ್ತ ಸರಿಯಾಗಿ 130. ಹಾಗಾಗಿ ಕೊನೆಯ ಅಂಕಿ 0! ನಡುವೆ ಯಾವುದೇ ಒಂದು ಅಂಕಿ ತಪ್ಪಿ ಒತ್ತಿದರೂ ಲೆಕ್ಕ ಕೂಡದೆ ಸಿಕ್ಕಿಬೀಳುತ್ತದೆ.

ಈ ಸಂಖ್ಯೆ ತೆರೆಯುವ ಬಾಗಿಲು ಇನ್ನೂ ದೊಡ್ಡದು. 2012ರಲ್ಲಿ ಫ್ರಾನ್ಸಿನ ಸ್ಟೆಫಾನ್ ಜಿಗಾಂಡೆ ‘ಓಪನ್ ಫುಡ್ ಫ್ಯಾಕ್ಟ್ಸ್’ ಶುರು ಮಾಡಿದರು. ಜನರೇ ಪೊಟ್ಟಣಗಳ ಫೋಟೊ ತೆಗೆದು, ಪದಾರ್ಥಗಳ ಪಟ್ಟಿ, ಪೋಷಕಾಂಶದ ಅಂಕಿಗಳನ್ನು ತುಂಬುವ ಮುಕ್ತ ಭಂಡಾರ ಅದು. ಈಗ ಅಲ್ಲಿ 30 ಲಕ್ಷಕ್ಕೂ ಹೆಚ್ಚು ಉತ್ಪನ್ನಗಳಿವೆ, ಯಾರು ಬೇಕಾದರೂ ಬಳಸಬಹುದು. ನಮ್ಮ ಪರವಾಗಿ ಹುಡುಕಿ ಉತ್ತರಿಸುವ ಎಐ ಏಜೆಂಟ್ ಕೂಡ!

ಅರಕಲಗೂಡಿನಲ್ಲಿ ಕೂತು ಒಬ್ಬಳು ಮಗಳು ಫೋನಿನಲ್ಲಿ ಕೇಳುತ್ತಾಳೆ ಅನ್ನಿ: ‘ಅಪ್ಪನಿಗೆ ಶುಗರ್ ಇದೆ, ಈ ಬಿಸ್ಕತ್ತಲ್ಲಿ ಸಕ್ಕರೆ ಎಷ್ಟಿದೆ?’ ಏಜೆಂಟ್‌ಗೆ ಆ ಬಿಸ್ಕತ್ತಿನ ಗುರುತೂ ಇಲ್ಲ. ಆದರೆ ಅದರ ಕೈಗೆ ಈ ಭಂಡಾರದಲ್ಲಿ ಹುಡುಕುವ ಟೂಲ್ ಒಂದನ್ನು ಕೊಡಬಹುದು. ಹಾಗೆ ಕೊಡಲು ಒಂದು ಸಾಮಾನ್ಯ ಪದ್ಧತಿ ಇರಲೆಂದೇ ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಹೊರತಂದಿತು. ಟೂಲಿನ ಬಗ್ಗೆ ಏಜೆಂಟ್‌ಗೆ ಕಾಣುವುದು ಅದರ ಹೆಸರು, ಒಂದಿಷ್ಟು ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ಪಟ್ಟಿ, ಅಷ್ಟೇ. ಒಳಗಿನ ಪ್ರೋಗ್ರಾಂ ಅದಕ್ಕೆ ಕಾಣುವುದೇ ಇಲ್ಲ. ಹೊಸದಾಗಿ ಬಂದ ಸೊಸೆ ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿ ಓದಿಯೇ ಸಾರು ಮಾಡಬೇಕು ಎಂಬಂಥ ಸ್ಥಿತಿ. ಅಂದರೆ ನಾವು ಬರೆಯುವ ನಾಲ್ಕು ಸಾಲಿನ ಮೇಲೆ ಆ ಮಗಳಿಗೆ ಸಿಗುವ ಉತ್ತರ ನಿಂತಿದೆ! ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಆ ವಿವರಣೆಯಲ್ಲಿ ಏನು ಬರೆಯಬೇಕು? ಉಪ್ಪಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಪೊಟ್ಟಣಗಳ ಮೇಲೆ ಸೋಡಿಯಂ ಮಿಲಿಗ್ರಾಂ ಲೆಕ್ಕದಲ್ಲಿರುತ್ತದೆ. ಭಂಡಾರದಲ್ಲಿ ಅದು ಗ್ರಾಂ ಲೆಕ್ಕ, ಜೊತೆಗೆ ಉಪ್ಪಿನ ಅಂಕಿ ಬೇರೆ. 100 ಗ್ರಾಂ ಚಿಪ್ಸ್‌ನಲ್ಲಿ 400 ಮಿಲಿಗ್ರಾಂ ಸೋಡಿಯಂ ಇದ್ದರೆ ಅಲ್ಲಿ 0.4 ಎಂದಿರುತ್ತದೆ, ಎರಡೂವರೆಯಿಂದ ಗುಣಿಸಿದರೆ ಉಪ್ಪು 1 ಗ್ರಾಂ. ವಿವರಣೆಯಲ್ಲಿ ಈ ಮಾತು ಬಿಟ್ಟುಹೋದರೆ ಏಜೆಂಟ್ 0.4 ಅನ್ನು ಮಿಲಿಗ್ರಾಂ ಅಂದುಕೊಂಡು, ರಕ್ತದೊತ್ತಡ ಇರುವವರಿಗೂ ‘ಧಾರಾಳವಾಗಿ ತಿನ್ನಿ’ ಎಂದೀತು. ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿದೆ: ‘ಸಕ್ಕರೆಯ ಅಂಕಿ ಖಾಲಿ ಇದ್ದರೆ ಸೊನ್ನೆ ಎಂದು ತಿಳಿಯಬೇಡ, ಯಾರೂ ತುಂಬಿಲ್ಲ ಎಂದು ಹೇಳು.’ ಈ ಒಂದು ವಾಕ್ಯ ಆ ಅಪ್ಪನನ್ನು ಕಾಯುತ್ತದೆ!

ಸಣ್ಣಪುಟ್ಟ ಸಂಗತಿಗಳೂ ಇವೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೂ ಇರುತ್ತದೆ, ಅದು 14 ಅಂಕಿ. ಅದನ್ನು ಬಾರ್‌ಕೋಡ್ ಎಂದು ಹುಡುಕಲು ಹೋಗಬೇಡ ಎನ್ನಬೇಕು. ಬಾರ್‌ಕೋಡ್ ಇದ್ದರೆ ಮೊದಲು ಅದರಿಂದಲೇ ಹುಡುಕು, ಹೆಸರಿಗೆ ಆಮೇಲೆ ಹೋಗು ಎನ್ನಬೇಕು.

ಹಾಗೆಯೇ ಟೂಲಿನ ಎಲ್ಲೆಯನ್ನೂ ಬರೆಯಬೇಕು. ಹಾಸನದ ಆಲೂಗಡ್ಡೆ ಮೂಟೆಗೆ, ಚನ್ನರಾಯಪಟ್ಟಣದ ತೆಂಗಿನಕಾಯಿಗೆ, ಹೊಳೆನರಸೀಪುರದ ಮನೆಯೊಂದರಲ್ಲಿ ಒತ್ತಿ ಒಣಗಿಸಿದ ಹಪ್ಪಳಕ್ಕೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಹುಡುಕಿ ಸಿಗದಿದ್ದಾಗ ‘ಅಂಥ ತಿನಿಸೇ ಇಲ್ಲ’ ಎನ್ನದೆ ‘ಇನ್ನೂ ದಾಖಲಾಗಿಲ್ಲ’ ಎನ್ನುವುದನ್ನು ಯಂತ್ರಕ್ಕೆ ಕಲಿಸಬೇಕು. ನಮ್ಮ ಊರುಗಳ ಮಟ್ಟಿಗೆ ಅದೇ ಸತ್ಯ.

ಆದರೆ ಎಂಥ ಅವಕಾಶ ನೋಡಿ! ಆ ಭಂಡಾರದಲ್ಲಿ ಉತ್ಪನ್ನದ ಹೆಸರನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆಯಲು ಜಾಗವಿದೆ, ಕನ್ನಡಕ್ಕೂ ಇದೆ. ಕೇಂದ್ರದ ಆಹಾರ ಲೇಬಲ್ ನಿಯಮಕ್ಕೆ ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಅದು ಕನ್ನಡ ಕೇಳುವುದಿಲ್ಲ. ಭಂಡಾರದಲ್ಲಿ ಮಾತ್ರ ನಮ್ಮನ್ನು ತಡೆಯುವವರಿಲ್ಲ. ಅಂಗಡಿಯ ಕಪಾಟಿನಲ್ಲಿರುವ ರಾಗಿ ಹುರಿಹಿಟ್ಟಿನ ಪೊಟ್ಟಣದ ಮುಂಬದಿ, ಪದಾರ್ಥಗಳ ಪಟ್ಟಿ, ಪೋಷಕಾಂಶದ ಕೋಷ್ಟಕ, ಮೂರು ಫೋಟೊ ತೆಗೆದು ‘ರಾಗಿ ಹುರಿಹಿಟ್ಟು’ ಎಂದು ಕನ್ನಡದಲ್ಲೇ ತುಂಬಿದರಾಯಿತು. ಮುಂದೆ ಬೆಂಗಳೂರಿನಲ್ಲೋ ದುಬೈನಲ್ಲೋ ಯಾರಾದರೂ ತಮ್ಮ ಏಜೆಂಟನ್ನು ಕನ್ನಡದಲ್ಲಿ ಕೇಳಿದಾಗ, ಅದು ಹುಡುಕಿ ತೆಗೆಯುವುದು ಚನ್ನರಾಯಪಟ್ಟಣದ ಅಂಗಡಿಯಲ್ಲಿ ನಿಂತು ಯಾರೋ ತುಂಬಿದ ಆ ಹೆಸರನ್ನೇ.